ಹಳೆಯ ಪದ್ಮಿನಿಯ ನಿತ್ಯದ ಓಡಾಟ: ಸದಸ್ಯರ ಗಮನಕ್ಕೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ. ಪ್ರೀಮಿಯರ್ ಪದ್ಮಿನಿ ಕಾರಿನ 1089 ಸಿಸಿ ಎಂಜಿನ್ ಇಂದಿನ ರಸ್ತೆಗಳಿಗೆ ಸಾಕೇ ಎಂದು ಹಲವರು ಕೇಳುತ್ತಿರುವುದರಿಂದ ಈ ಸೂಚನೆಯನ್ನು ಬರೆಯುತ್ತಿದ್ದೇನೆ.

ಸುಸ್ಥಿತಿಯಲ್ಲಿರುವ ಕಾರು ಉಡುಪಿ–ಮಂಗಳೂರು ಹೆದ್ದಾರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ತಕರಾರಿಲ್ಲದೆ ಓಡುತ್ತದೆ. ಎಕ್ಸ್‌ಪ್ರೆಸ್ ಬಸ್ಸುಗಳೊಡನೆ ಪೈಪೋಟಿಗಿಳಿಯುವ ಶಕ್ತಿ ಅದಕ್ಕಿಲ್ಲ, ಇಳಿಯುವ ಅಗತ್ಯವೂ ನಮಗಿಲ್ಲ. ನಿಜವಾದ ಪರೀಕ್ಷೆ ಇರುವುದು ಇಂದ್ರಾಳಿಯಿಂದ ಮಣಿಪಾಲಕ್ಕೆ ಹೋಗುವ ಏರಿನಲ್ಲಿ. ನಾಲ್ಕೇ ಗೇರುಗಳಿರುವ ಈ ಕಾರನ್ನು ನಡುಗುವ ತನಕ ಮೇಲಿನ ಗೇರಿನಲ್ಲೇ ಒತ್ತಾಯಿಸದೆ, ಏರು ಆರಂಭವಾಗುವ ಮೊದಲೇ ಮೂರನೆಯ ಗೇರಿಗೆ, ಕಾರು ತುಂಬ ಜನರಿದ್ದರೆ ಎರಡನೆಯದಕ್ಕೆ ಇಳಿಸಬೇಕು. ಏಕೆಂದರೆ ತೀರಾ ಕಡಿಮೆ ಸುತ್ತಿನಲ್ಲಿ ಭಾರ ಎಳೆಯುವ ಎಂಜಿನ್‌ನಲ್ಲಿ ಬಡಿತ ಕಾಣಿಸಿಕೊಳ್ಳುತ್ತದೆ, ಬೇರಿಂಗುಗಳ ಮೇಲೂ ಹೊರೆ ಹೆಚ್ಚುತ್ತದೆ. ಕೆಳಗಿನ ಗೇರಿನಲ್ಲಿ ಎಂಜಿನ್ ಸದ್ದು ತುಸು ಜೋರಾದರೆ ಗಾಬರಿ ಬೇಡ.

ಮಂಗಳೂರಿನ ಹಂಪನಕಟ್ಟೆಯ ದಟ್ಟಣೆಯಲ್ಲಿ, ಅದರಲ್ಲೂ ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ, ಬೆಲ್ಟಿನಿಂದ ತಿರುಗುವ ಫ್ಯಾನ್ ಐಡ್ಲಿಂಗ್ ಸ್ಥಿತಿಯಲ್ಲಿ (ಕಾರು ನಿಂತು ಎಂಜಿನ್ ಮಾತ್ರ ನಿಧಾನವಾಗಿ ಓಡುವಾಗ) ಸಾಕಷ್ಟು ಗಾಳಿ ಎಳೆಯುವುದಿಲ್ಲವಾದ್ದರಿಂದ ಉಷ್ಣತೆಯ ಮುಳ್ಳಿನ ಮೇಲೆ ಕಣ್ಣಿಡಿ. ಇಷ್ಟು ಸಣ್ಣ ಎಂಜಿನ್‌ಗೆ ಎ.ಸಿ. ಕೂರಿಸುವುದು ನನ್ನ ಮಟ್ಟಿಗೆ ಅನ್ಯಾಯವೇ. ನಮ್ಮ ಕರಾವಳಿಯ ಹವೆಯಲ್ಲಿ ಚೋಕ್ (ತಣ್ಣಗಿರುವ ಎಂಜಿನ್ ಹೊತ್ತಿಕೊಳ್ಳಲು ಪೆಟ್ರೋಲಿನ ಪಾಲು ಹೆಚ್ಚಿಸುವ ಎಳೆಗುಂಡಿ) ಬೆಳಗಿನ ಮೊದಲ ಸ್ಟಾರ್ಟಿಗೆ ಮಾತ್ರ ಬೇಕಾದೀತು. ಅದನ್ನು ಎಳೆದಿಟ್ಟೇ ಓಡಿಸಿದರೆ ಕಿಡಿ ಹೊತ್ತಿಸುವ ಪ್ಲಗ್ಗುಗಳಿಗೆ ಮಸಿ ಹಿಡಿದು ಪೆಟ್ರೋಲ್ ವ್ಯರ್ಥವಾಗುತ್ತದೆ. ಮಳೆಗಾಲಕ್ಕೆ ಮುನ್ನ ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಭಾಗ) ಕ್ಯಾಪ್ ಹಾಗೂ ಪ್ಲಗ್ ವೈರುಗಳಲ್ಲಿ ಬಿರುಕಿದೆಯೇ ಎಂದು ಮೆಕ್ಯಾನಿಕ್‌ರಿಂದ ಪರೀಕ್ಷಿಸಿಕೊಳ್ಳಬೇಕಾಗಿ ವಿನಂತಿ.