ನನ್ನನ್ನು ಮತ್ತೆ ಮೆಷಿನ್ ಮುಂದೆ ಕೂರಿಸಿದವರಿಗೆ

ಮಂಡಿ ಆಪರೇಷನ್ ಆಗಿ ಇವತ್ತಿಗೆ ಒಂದು ವರ್ಷ. ಬೆಂಗಳೂರಿನ ಲಗ್ಗೆರೆಯಿಂದ ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗಿ, ಸಂಜೆವರೆಗೆ ಕಾಲರ್ ಹೊಲಿದು ಬಂದು ಇದನ್ನು ಬರೆಯುತ್ತಿದ್ದೇನೆ.

ನನಗಾಗ 49. ಬಲಗಾಲಿನ ಮಂಡಿ ಪೂರ್ತಿ ಸವೆದಿತ್ತು. "ಇನ್ನು ಗಾರ್ಮೆಂಟ್ಸ್ ಆಸೆ ಬಿಡು, ಸುಮ್ನೆ ಮನೇಲಿರು" ಅಂದವರೇ ಜಾಸ್ತಿ. ಮಗಳ ಓದು ಇನ್ನೂ ಮುಗಿದಿರಲಿಲ್ಲ. ಸುಮ್ನೆ ಇರೋದು ಹೇಗೆ?

ಡಾಕ್ಟರಿಗೆ, ನರ್ಸ್‌ಗಳಿಗೆ ಕೈಮುಗಿಯುತ್ತೇನೆ. ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು.

ಫಿಸಿಯೋ ಮೇಡಂ ಬಂದವರೇ "ಅಮ್ಮ, ಏನು ಕೆಲಸ ನಿಮ್ಮದು?" ಅಂತ ಕೇಳಿದರು. ಟೈಲರ್ ಅಂದೆ. ಹೇಗೆ ಕೂರುತ್ತೀರಿ, ಪೆಡಲ್ ಹೇಗೆ ಒತ್ತುತ್ತೀರಿ ಅಂತ ಎಲ್ಲ ಕೇಳಿಕೊಂಡರು. ಕುರ್ಚಿಯಲ್ಲಿ ಕೂತು ಏಳೋಕೆ ಮಂಡಿ 90 ಡಿಗ್ರಿಯಾದರೂ ಮಡಚಬೇಕು ಅಂದರು. ದಿನವೂ ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸಿ ಜಾರಿಸಿ ಮಡಚಬೇಕಿತ್ತು. ಕಣ್ಣಲ್ಲಿ ನೀರು ಬರುತ್ತಿತ್ತು. ಮಂಡಿ ಕೆಳಗೆ ದಿಂಬು ಇಟ್ಟುಕೊಂಡರೆ ಎಷ್ಟು ಹಾಯಾಗಿರುತ್ತೆ ಅಲ್ವಾ? ಮೇಡಂ ಬಂದಾಗಲೆಲ್ಲ ಅದನ್ನು ಎಳೆದು ಹಿಮ್ಮಡಿ ಕೆಳಗೆ ಇಡುತ್ತಿದ್ದರು. ಮನಸ್ಸಲ್ಲೇ ಬೈದುಕೊಂಡಿದ್ದೇನೆ. ಮೇಡಂ, ಇವತ್ತು ನನ್ನ ಕಾಲು ನೆಟ್ಟಗಿರೋದು ನಿಮ್ಮಿಂದ.

ನಮ್ಮದು ಬಾಡಿಗೆ ಮನೆ, ಒಂದನೇ ಮಹಡಿ. ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ ಅಂತ ಗೊತ್ತಾದ ವಾರದಲ್ಲೇ ಓನರ್ ಅಕ್ಕ ತಮ್ಮ ದುಡ್ಡಲ್ಲೇ ಕಮೋಡ್ ಹಾಕಿಸಿದರು. ಬಾಡಿಗೆ ಏರಿಸಲಿಲ್ಲ. ಮೆಟ್ಟಿಲ ಹತ್ತಿರ ನಿಂತು "ಹತ್ತುವಾಗ ಒಳ್ಳೆ ಕಾಲು, ಇಳಿಯುವಾಗ ಆಪರೇಷನ್ ಕಾಲು" ಅಂತ ನೆನಪಿಸುತ್ತಿದ್ದವಳು ನನ್ನ ಮಗಳು.

ಕಾಯಿಲೆ ರಜೆಯಲ್ಲಿ ಇಎಸ್‌ಐನಿಂದ (ಕಾರ್ಮಿಕರ ವಿಮೆ) ಸಂಬಳದ 70 ಪರ್ಸೆಂಟ್ ಬರುತ್ತೆ, ವರ್ಷಕ್ಕೆ 91 ದಿನದವರೆಗೆ. ಅದರಲ್ಲೇ ಅಕ್ಕಿ, ಬಾಡಿಗೆ ನಡೆಯಿತು. ಡಾಕ್ಟರ್ ಸರ್ಟಿಫಿಕೇಟ್ ಹಿಡಿದುಕೊಂಡು ಇಎಸ್‌ಐ ಆಫೀಸಿಗೆ ಅಲೆದವಳು ನನ್ನ ಹೊಲಿಗೆ ಲೈನಿನ ಗೆಳತಿ, ಅದೂ ಅರ್ಧ ದಿನದ ಸಂಬಳ ಕಳೆದುಕೊಂಡು. ಅದು ನನಗೆ ಗೊತ್ತಾಗಿದ್ದೇ ಆಮೇಲೆ.

ಮೂರು ತಿಂಗಳಿಗೆ ಕೆಲಸಕ್ಕೆ ಹೋದೆ. ಒಂದೇ ಸಮ ಕೂತರೆ ಮಂಡಿ ಬಿಗಿಯುತ್ತಿತ್ತು. ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ ಅಂತ ಸೂಪರ್‌ವೈಸರ್ ತಾವಾಗೇ ಹೇಳಿದರು. ಟಾರ್ಗೆಟ್ ಇರುವ ಲೈನಲ್ಲಿ ಎರಡು ನಿಮಿಷ ಅಂದರೆ ಏನು ಅಂತ ಗಾರ್ಮೆಂಟ್ಸ್‌ನವರಿಗೆ ಗೊತ್ತು. ನನ್ನ ಹಿಂದೆ ಉಳಿದ ಪೀಸ್‌ಗಳನ್ನು ಅಕ್ಕಪಕ್ಕದವರು ಮಾತಾಡದೆ ಎಳೆದುಕೊಂಡು ಹೊಲಿದರು.

ಇನ್ನೊಂದು ಕಷ್ಟ ಇತ್ತು. ನಮ್ಮ ಮೆಷಿನ್ ಟೇಬಲ್ ಕೆಳಗೆ ಒಂದು ಪ್ಯಾಡ್ ಇರುತ್ತೆ. ಬಲ ಮಂಡಿಯಿಂದ ಅದನ್ನು ಪಕ್ಕಕ್ಕೆ ತಳ್ಳಿದರೆ ಬಟ್ಟೆ ಒತ್ತಿ ಹಿಡಿಯುವ ಪ್ರೆಸ್ಸರ್ ಫೂಟ್ ಮೇಲೇಳುತ್ತೆ. ಕಾಲರ್ ಮೂಲೆ ತಿರುಗಿಸುವಾಗಲೆಲ್ಲ ತಳ್ಳಬೇಕು. ಮೊದಲ ದಿನ ಹತ್ತು ಪೀಸ್‌ಗೇ ಮಂಡಿ ಊದಿತು. ಮೆಕ್ಯಾನಿಕ್ ಅಣ್ಣ ನೋಡಿದರು, ಏನೂ ಕೇಳಲಿಲ್ಲ, ಆ ಪ್ಯಾಡ್ ಬಿಚ್ಚಿದರು. ಹಿಂದಿರುವ ಲಿವರ್ ತೋರಿಸಿ "ಸದ್ಯಕ್ಕೆ ಕೈಯಲ್ಲೇ ಎತ್ತಿ ಅಕ್ಕ" ಅಂದರು. ಬಿಚ್ಚಿದ ಪ್ಯಾಡನ್ನು ಬಟ್ಟೆ ಚೂರಲ್ಲಿ ಸುತ್ತಿ, ನನ್ನ ಟೋಕನ್ ನಂಬರ್ ಬರೆದು ತಮ್ಮ ಡಬ್ಬಿಯಲ್ಲಿ ಇಟ್ಟುಕೊಂಡರು.

ಹೋದ ತಿಂಗಳು ನಾನೇ ಹೋಗಿ ಕೇಳಿದೆ. ಅದೇ ಪ್ಯಾಡ್ ತಂದು ಹಾಕಿಕೊಟ್ಟರು.