ಫಂಡಿಂಗ್ ಸುದ್ದಿಯ ಜೊತೆ ಷರತ್ತನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಈಚೆಗೆ ಒಂದು ಬಗೆಯ ಸುದ್ದಿ ಮೇಲಿಂದ ಮೇಲೆ ಬರುತ್ತಿದೆ. ಇಂಥ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಕಟ್ಟಿದ ಕಂಪನಿಗೆ ಇಷ್ಟು ಕೋಟಿ ಹೂಡಿಕೆ ಬಂತು, ಶಾಲು ಹೊದಿಸಿದರು, ಪೇಟ ತೊಡಿಸಿದರು, ಪಕ್ಕದಲ್ಲಿ ಶಾಸಕರು ನಿಂತ ಫೋಟೊ. ಓದಿ ನನಗೂ ಸಂತೋಷವೇ. ಆದರೆ ಆ ಸುದ್ದಿಯಲ್ಲಿ ಮುಖ್ಯವಾದ ಅರ್ಧ ಯಾವಾಗಲೂ ಬಿಟ್ಟುಹೋಗಿರುತ್ತದೆ. ಅದನ್ನು ಹೇಳಲು ಈ ಪತ್ರ. ಸ್ವಲ್ಪ ಉದ್ದವಾದರೆ ಕತ್ತರಿ ಹಾಕುವ ಹಕ್ಕು ನಿಮ್ಮದು, ನಡುವಿನ ಲೆಕ್ಕವನ್ನು ಮಾತ್ರ ಕತ್ತರಿಸಬೇಡಿ.

ನಾನು ಹುಬ್ಬಳ್ಳಿಯಲ್ಲಿ ಆಡಿಟರ್. ದಾಜಿಬಾನಪೇಟೆಯ ಬಟ್ಟೆ ಅಂಗಡಿಗಳು, ಅಮರಗೋಳ ಎಪಿಎಂಸಿಯ ದಲಾಲರು, ಗೋಕುಲ ರಸ್ತೆಯ ವರ್ಕ್‌ಶಾಪ್‌ಗಳು ನನ್ನ ಹಳೆಯ ಗಿರಾಕಿಗಳು. ಕೆಲ ವರ್ಷಗಳಿಂದ ಸ್ಟಾರ್ಟಪ್ ಹುಡುಗರು, ಹುಡುಗಿಯರು ಬರತೊಡಗಿದ್ದಾರೆ. ಹೊಸ ಕಂಪನಿಗಳಿಗೆ ನೆರವಾಗುವ ದೇಶಪಾಂಡೆ ಸ್ಟಾರ್ಟಪ್ಸ್‌ನಂಥ ಜಾಗಗಳು ನಮ್ಮೂರಿನಲ್ಲೇ ಇರುವುದರಿಂದ ಎಲ್ಲದಕ್ಕೂ ಬೆಂಗಳೂರಿಗೆ ಓಡುವ ಕಾಲ ಈಗಿಲ್ಲ. ಒಳ್ಳೆಯದೇ ಆಯಿತು.

ಹೂಡಿಕೆ ಬಂತು ಎಂದರೆ ಕಂಪನಿಯ ಒಂದು ತುಂಡನ್ನು ಮಾರಿದರು ಎಂದು ಅರ್ಥ. ಹೊಲದ ಒಂದು ಪಟ್ಟಿ ಮಾರಿಬಂದವನಿಗೆ ಊರಲ್ಲಿ ಯಾರೂ ಪೇಟ ತೊಡಿಸುವುದಿಲ್ಲ. ಎಷ್ಟಕ್ಕೆ ಕೊಟ್ಟೆ, ಬಾವಿ ಯಾರ ಪಾಲಿಗೆ ಹೋಯಿತು, ನಿನ್ನ ಗಾಡಿಗೆ ದಾರಿ ಉಳಿಸಿಕೊಂಡೆಯಾ ಎಂದು ಕೇಳುತ್ತಾರೆ. ಆ ಮೂರನ್ನೂ ನಿಮ್ಮ ವರದಿಗಾರರು ಕೇಳುತ್ತಿಲ್ಲ.

ಒಂದು ಪ್ರಸಂಗ ಹೇಳುತ್ತೇನೆ. ಹೆಸರು ಬೇಡ. ಇಬ್ಬರು ಗೆಳೆಯರು, ಮೆಕ್ಯಾನಿಕಲ್ ಎಂಜಿನಿಯರುಗಳು, ಒಣಮೆಣಸಿನಕಾಯಿಯ ತೊಟ್ಟು ತೆಗೆಯುವ ಯಂತ್ರ ಮಾಡಿದ್ದಾರೆ. ಬ್ಯಾಡಗಿಗೆ ಹೋಗಿ ನೋಡಿದವರಿಗೆ ಗೊತ್ತು, ಹೆಣ್ಣುಮಕ್ಕಳು ದಿನವಿಡೀ ಕೂತು ಕೈಯಿಂದ ತೊಟ್ಟು ಮುರಿಯುತ್ತಾರೆ, ಸಂಜೆಗೆ ಬೆರಳು ಉರಿಯುತ್ತವೆ. ಯಂತ್ರ ಚೆನ್ನಾಗಿದೆ. ಹಣ್ಣು ಒಡೆಯದೆ, ಬೀಜ ಉದುರಿಸದೆ ತೊಟ್ಟು ಕೀಳುತ್ತದೆ. ಜನವರಿಯಿಂದ ಮಾರುಕಟ್ಟೆಗೆ ಆವಕ ಜೋರಾಗುತ್ತದೆ, ಅಷ್ಟರೊಳಗೆ ಮೋಟಾರು, ತಗಡು, ಬೇರಿಂಗು ಕೊಂಡು ಯಂತ್ರ ನಿಲ್ಲಿಸಬೇಕು. ವ್ಯಾಪಾರಿಗಳು ಹಣ ಕೊಡುವುದು ಸೀಸನ್ ಮುಗಿದ ಮೇಲೆ. ಹೀಗಾಗಿ ಅವಸರ. ಡಿಸೆಂಬರಿನ ಒಂದು ಸಂಜೆ ಇಬ್ಬರೂ ಪೇಢಾ ಡಬ್ಬಿ ಹಿಡಿದು ಕಚೇರಿಗೆ ಬಂದರು.

“ಸರ್, ಎರಡ್ ಕೋಟಿ ಪಕ್ಕಾ ಆತ್ರಿ. ನಾಳೆ ಟರ್ಮ್ ಶೀಟ್ ಸಹಿ.”

“ಓದೀರೇನಪಾ ಇದನ್ನ?”

“ವಕೀಲರು ಪೂರಾ ನೋಡ್ಯಾರ್ರಿ.”

“ಯಾರ ವಕೀಲರು?”

“ಅವರ ಕಡೇದವ್ರು ರೀ.”

“ಅವರ ಫೀಸು?”

“ನಮ್ಮ ಕಂಪನೀನ ಕೊಡಬೇಕಂತ ಬರದಾರ್ರಿ.”

ಇದರಲ್ಲಿ ಮೋಸವೇನೂ ಇಲ್ಲ. ಹೂಡಿಕೆದಾರರ ಕಾನೂನು ಖರ್ಚನ್ನು ಕಂಪನಿ ಭರಿಸುವುದು ಈ ವ್ಯವಹಾರದಲ್ಲಿ ಮಾಮೂಲು. ಆದರೆ ಮೇಜಿನ ಈ ಕಡೆಗೆ ಒಬ್ಬರೂ ಇರಲಿಲ್ಲ. ಟರ್ಮ್ ಶೀಟ್, ಅಂದರೆ ಹೂಡಿಕೆಯ ಷರತ್ತುಗಳನ್ನು ಬರೆದ ಮೊದಲ ಕಾಗದ, ಕಟ್ಟುಪಾಡಲ್ಲ, ಆಮೇಲೆ ಒಪ್ಪಂದ ಬರೆಯುವಾಗ ನೋಡಿಕೊಳ್ಳೋಣ ಎಂದು ಹುಡುಗರಿಗೆ ಯಾರೋ ಹೇಳಿದ್ದರು. ಕಾಗದದ ಮಟ್ಟಿಗೆ ನಿಜ. ಆದರೆ ಅದರಲ್ಲೇ ಇನ್ನೊಂದು ಸಾಲಿತ್ತು: ಸಹಿ ಬಿದ್ದ ಮೇಲೆ ಅರವತ್ತು ದಿನ ಬೇರೆ ಯಾವ ಹೂಡಿಕೆದಾರರ ಜೊತೆಗೂ ಮಾತಾಡುವ ಹಾಗಿಲ್ಲ. ಆ ಸಾಲು ಮಾತ್ರ ಕಟ್ಟುಪಾಡೇ. ಕೈಯಲ್ಲಿ ಹಣವಿಲ್ಲ, ಸೀಸನ್ ಹತ್ತಿರ, ಬೇರೆ ಕಡೆ ಹೋಗಲು ಬಾಗಿಲಿಲ್ಲ. ಆಗ ಒಪ್ಪಂದದಲ್ಲಿ ಏನನ್ನು ನೋಡಿಕೊಳ್ಳುತ್ತಾರೆ?

ಈಗ ಲೆಕ್ಕ. ಹಣ ಬರುವ ಮೊದಲು ಕಂಪನಿಯ ಬೆಲೆ ₹8 ಕೋಟಿ ಎಂದು ಹಿಡಿದಿದ್ದರು. ಅದಕ್ಕೆ ₹2 ಕೋಟಿ ಸೇರಿದರೆ ₹10 ಕೋಟಿ, ಹೂಡಿಕೆದಾರರದು ಶೇ 20. ಇಷ್ಟು ಹುಡುಗರಿಗೂ ಗೊತ್ತಿತ್ತು. ಆದರೆ ಮುಂದೆ ಬರುವ ಸಿಬ್ಬಂದಿಗೆಂದು, ಹಣ ಬಂದ ನಂತರದ ಒಟ್ಟು ಷೇರಿನಲ್ಲಿ ಶೇ 10ರಷ್ಟು ತೆಗೆದಿಡಬೇಕು, ಅದೂ ಹಳೆಯ ₹8 ಕೋಟಿಯೊಳಗಿಂದಲೇ, ಎಂದು ಕೆಳಗೆ ಬರೆದಿತ್ತು. ಅಂದರೆ ಗೆಳೆಯರಿಬ್ಬರ ಕೈಯಲ್ಲಿ ಉಳಿಯುವುದು ಶೇ 70. ಕಂಪನಿಯ ನಿಜವಾದ ಬೆಲೆ ಎಂಟಲ್ಲ, ₹7 ಕೋಟಿ. ಪೇಢಾ ಹಂಚಿದ್ದು ಎಂಟು ಕೋಟಿಯ ಲೆಕ್ಕದಲ್ಲಿ.

ಇದು ಸಣ್ಣದು. ದೊಡ್ಡದು ಷೇರಿನ ಜಾತಿಯಲ್ಲಿತ್ತು. ಹೂಡಿಕೆದಾರರು ಕೇಳಿದ್ದು ಸಾಮಾನ್ಯ ಷೇರುಗಳನ್ನಲ್ಲ, ಕಡ್ಡಾಯವಾಗಿ ಪರಿವರ್ತನೆಯಾಗುವ ಆದ್ಯತಾ ಷೇರುಗಳನ್ನು, ಅಂದರೆ ಹಣ ಹಂಚುವಾಗ ಮೊದಲ ಹಕ್ಕಿದ್ದು ಮುಂದೆ ಸಾಮಾನ್ಯ ಷೇರಾಗಿ ಬದಲಾಗುವಂಥವನ್ನು. ಅವುಗಳ ಮೇಲೆ ಲಾಭಾಂಶ ಶೇ 0.01 ಎಂದಿತ್ತು. “ಎಷ್ಟ ಕಡಿಮಿ ತಗೋತಾರ ನೋಡ್ರಿ” ಎಂದು ಒಬ್ಬ ನಕ್ಕ. ಅವರು ತೆಗೆದುಕೊಳ್ಳುವುದು ಅಲ್ಲಿಂದಲ್ಲ ತಮ್ಮಾ ಎಂದೆ. ಕಂಪನಿ ಮಾರಾಟವಾದರೆ ಮೊದಲು ತಮ್ಮ ₹2 ಕೋಟಿಯನ್ನು ಎತ್ತಿಕೊಂಡು, ಆಮೇಲೆ ಉಳಿದದ್ದರಲ್ಲೂ ಶೇ 20 ಪಾಲು ಪಡೆಯುತ್ತಾರೆ ಎಂಬ ಷರತ್ತು ಎರಡು ಸಾಲಿನಲ್ಲಿ ಕೂತಿತ್ತು.

ಸಿಬ್ಬಂದಿ ಪಾಲನ್ನು ಬದಿಗಿಟ್ಟು ನೋಡಿ. ನಾಲ್ಕು ವರ್ಷಕ್ಕೆ ಯಾರೋ ದೊಡ್ಡ ಕೃಷಿಯಂತ್ರ ಕಂಪನಿ ಇದನ್ನು ₹5 ಕೋಟಿಗೆ ಕೊಂಡಿತು ಎನ್ನೋಣ. ಹೂಡಿಕೆದಾರರು ಮೊದಲು ₹2 ಕೋಟಿ ತೆಗೆದರು. ಉಳಿದ ₹3 ಕೋಟಿಯಲ್ಲಿ ಶೇ 20, ಅಂದರೆ ₹60 ಲಕ್ಷ. ಒಟ್ಟು ₹2.60 ಕೋಟಿ. ಕಂಪನಿ ಕಟ್ಟಿದವರಿಗೆ ₹2.40 ಕೋಟಿ. ಶೇ 20ರ ಒಡೆಯರಿಗೆ ಅರ್ಧಕ್ಕಿಂತ ಹೆಚ್ಚು! ಅದೇ ಷರತ್ತನ್ನು “ನಿಮ್ಮ ಅಸಲು ಅಥವಾ ನಿಮ್ಮ ಶೇ 20, ಯಾವುದು ಹೆಚ್ಚೋ ಅದೊಂದೇ” ಎಂದು ತಿದ್ದಿದ್ದರೆ ಅವರಿಗೆ ₹2 ಕೋಟಿ, ಹುಡುಗರಿಗೆ ₹3 ಕೋಟಿ. ಎರಡು ಸಾಲಿನ ಬೆಲೆ ₹60 ಲಕ್ಷ. ಕಂಪನಿ ₹100 ಕೋಟಿಗೆ ಹೋದರೆ ಈ ವ್ಯತ್ಯಾಸ ಕಣ್ಣಿಗೆ ಬೀಳದು ಎನ್ನುವವರಿದ್ದಾರೆ. ಹೌದು. ಆದರೆ ಗೋಕುಲ ರಸ್ತೆಯಲ್ಲಿ ಹುಟ್ಟಿದ ಕಂಪನಿಗಳಲ್ಲಿ ನೂರು ಕೋಟಿಗೆ ಹೋಗುವವು ಎಷ್ಟು, ನೀವೇ ಹೇಳಿ.

ಹೂಡಿಕೆದಾರರನ್ನು ಸುಲಿಗೆಕೋರರು ಎಂದು ಬೈಯುವುದು ನನ್ನ ಉದ್ದೇಶವಲ್ಲ. ಅವರು ಹತ್ತು ಕಡೆ ಹಾಕಿದ ಹಣದಲ್ಲಿ ಬಹುಪಾಲು ಮುಳುಗುತ್ತದೆ. ಬ್ಯಾಂಕಿನವರ ಹಾಗೆ ಮನೆಪತ್ರ ಕೇಳುವುದಿಲ್ಲ, ಮುಳುಗಿದರೆ ಮನೆ ಬಾಗಿಲಿಗೆ ಬರುವುದಿಲ್ಲ. ಫಂಡ್ ನಡೆಸುವವರದಂತೂ ಬೇರೆಯವರಿಂದ ತಂದ ಹಣ, ಎಂಟು-ಹತ್ತು ವರ್ಷದಲ್ಲಿ ಬೆಳೆಸಿ ಮರಳಿಸಬೇಕು. ಅಸಲಿಗೆ ರಕ್ಷಣೆ ಕೇಳುವುದು ನ್ಯಾಯವೇ. ಅಸಲನ್ನೂ ತೆಗೆದುಕೊಂಡು ಮತ್ತೆ ಪಂಕ್ತಿಗೆ ಕೂರುವುದು ಬೇಡ ಎಂದು ಹುಡುಗರು ಒಂದು ಇ–ಮೇಲ್ ಬರೆದರು. ಆ ಷರತ್ತನ್ನು ಹೂಡಿಕೆದಾರರು ಹೆಚ್ಚು ಮಾತಿಲ್ಲದೆ ಕೈಬಿಟ್ಟರು. ಸಿಬ್ಬಂದಿ ಪಾಲಿನ ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ.

ಇನ್ನೊಂದು ಷರತ್ತನ್ನು ಇಬ್ಬರೂ ಓದಿದ್ದರು, ತಮಗೆ ಸಂಬಂಧವಿಲ್ಲ ಎಂದುಕೊಂಡಿದ್ದರು. ಸ್ಥಾಪಕರ ಷೇರುಗಳು ನಾಲ್ಕು ವರ್ಷದಲ್ಲಿ ಕಂತುಕಂತಾಗಿ ಅವರದಾಗುತ್ತವೆ, ನಡುವೆ ಬಿಟ್ಟುಹೋದರೆ ಉಳಿದದ್ದು ಹೋಯಿತು. ತಾವೇ ಕಟ್ಟಿದ ಕಂಪನಿಯ ಷೇರು ತಮಗೇ ಕಂತಿನಲ್ಲಿ! ಇದೂ ಎಲ್ಲ ಕಡೆ ಇರುವ ಪದ್ಧತಿ, ಅದಕ್ಕೆ ಕಾರಣವೂ ಇದೆ. ಆದರೆ ಈಗಾಗಲೇ ದುಡಿದ ಎರಡು ವರ್ಷವನ್ನು ಲೆಕ್ಕಕ್ಕೆ ಹಿಡಿಯಿರಿ ಎಂದು ಕೇಳಬಹುದು, ಕಾಯಿಲೆ ಬಿದ್ದು ಬಿಡುವವನಿಗೂ ಕಳ್ಳತನ ಮಾಡಿ ಸಿಕ್ಕಿಬಿದ್ದವನಿಗೂ ಒಂದೇ ನಿಯಮ ಬೇಡ ಎನ್ನಬಹುದು. ಕೇಳಬಹುದು ಎಂಬುದೇ ಇವರಿಗೆ ಗೊತ್ತಿರುವುದಿಲ್ಲ.

ಇನ್ನು ಬಂಧುಗಳ ಹಣ. ಇದು ಬೇರೆಯೇ ಕಥೆ. ಮೊದಲ ಬಂಡವಾಳ ಬರುವುದು ಸೋದರಮಾವನಿಂದ, ಹಾಸ್ಟೆಲ್ ಗೆಳೆಯನಿಂದ. ₹5 ಲಕ್ಷ ಕೊಡು, ಶೇ 5 ನಿನ್ನದು ಎಂದು ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು, ಮೇಲೊಂದು ಕೈಮುಗಿದ ಚಿತ್ರ. 2013ರ ಕಂಪನಿ ಕಾಯ್ದೆಯ 42ನೇ ಸೆಕ್ಷನ್ ಇದನ್ನು ಒಪ್ಪುವುದಿಲ್ಲ. ಹಣ ಬ್ಯಾಂಕಿನ ಮೂಲಕವೇ ಬರಬೇಕು, ಪ್ರತ್ಯೇಕ ಖಾತೆಯಲ್ಲಿರಬೇಕು, 60 ದಿನದೊಳಗೆ ಷೇರು ಹಂಚಬೇಕು, ಹಂಚಿದ 15 ದಿನದೊಳಗೆ ವರದಿ ಸಲ್ಲಿಸಬೇಕು, ಸಲ್ಲಿಸುವವರೆಗೆ ಆ ಹಣ ಮುಟ್ಟಬಾರದು. ಷೇರು ಕೊಡದೆ ಹೊರಗಿನ ಗೆಳೆಯರ ಹಣ ಇಟ್ಟುಕೊಂಡರೆ ಅದು ಠೇವಣಿಯಾಗುತ್ತದೆ, ಠೇವಣಿ ತೆಗೆದುಕೊಳ್ಳುವುದಕ್ಕೆ ಬೇರೆ ಕಟ್ಟುನಿಟ್ಟು. ಮುಂದೆ ದೊಡ್ಡ ಹೂಡಿಕೆದಾರರು ಬಂದು ಕಡತ ಬಿಚ್ಚಿದಾಗ ಈ ವಾಟ್ಸ್ಆ್ಯಪ್ ಪಾಲುದಾರರು ಒಬ್ಬೊಬ್ಬರಾಗಿ ಹೊರಬೀಳುತ್ತಾರೆ. ಆಗ ನಡೆಯುವ ಮನೆ ಜಗಳ ನನ್ನ ಕಚೇರಿಯಲ್ಲೇ ನಡೆಯುತ್ತದೆ.

ಒಂದು ಪ್ರಶ್ನೆಯನ್ನಂತೂ ಯಾರೂ ಕೇಳಿಕೊಳ್ಳುವುದಿಲ್ಲ: ಈ ಕಂಪನಿಗೆ ಹೂಡಿಕೆದಾರರು ಬೇಕೇ? ಕೈಯಲ್ಲಿ ಆರ್ಡರ್ ಇದೆ, ಸಾಮಾನು ಕೊಳ್ಳಲು ನಾಲ್ಕು ತಿಂಗಳ ಹಣ ಬೇಕು ಎಂದರೆ ಅದು ಬ್ಯಾಂಕ್ ಸಾಲದ ಕೆಲಸ. ಬಡ್ಡಿ ಕಟ್ಟಿ ತೀರಿಸಿದರೆ ಮುಗಿಯಿತು, ಪಾಲು ಹೋಗುವುದಿಲ್ಲ. ಸಣ್ಣ ಉದ್ಯಮಗಳಿಗೆ ಅಡಮಾನವಿಲ್ಲದ ಸಾಲಕ್ಕೆ ಕೇಂದ್ರದ ಗ್ಯಾರಂಟಿ ಯೋಜನೆ ಇದೆ, 2025ರ ಏಪ್ರಿಲ್‌ನಿಂದ ಅದರ ಮಿತಿ ₹10 ಕೋಟಿ. ಮ್ಯಾನೇಜರ್ ಸಾಹೇಬರು ಆಗಲೂ “ಪ್ರಾಪರ್ಟಿ ಏನಾದ್ರೂ ಐತೇನ್ರಿ” ಎಂದು ಕೇಳುತ್ತಾರೆ, ಅದು ಬೇರೆ ಪತ್ರಕ್ಕೆ ವಿಷಯ. ಯಂತ್ರ ಇನ್ನೂ ಕೆಲಸ ಮಾಡುತ್ತದೋ ಇಲ್ಲವೋ ಎಂಬ ಹಂತದಲ್ಲಿ ರಾಜ್ಯದ ಎಲಿವೇಟ್ ಯೋಜನೆಯಲ್ಲಿ ₹50 ಲಕ್ಷದವರೆಗೆ ಅನುದಾನ ಸಿಗುತ್ತದೆ, ಸರ್ಕಾರ ಷೇರು ಕೇಳುವುದಿಲ್ಲ. ಇವೆರಡೂ ಸಾಲದೆ, ಬೇಗ ಬೆಳೆಯಲೇಬೇಕಾದ ವ್ಯಾಪಾರವಾದರೆ ಹೂಡಿಕೆದಾರರ ಹತ್ತಿರ ಹೋಗಲಿ.

ಇನ್ಫೊಸಿಸ್‌ನ ₹10,000 ಕಥೆ ನಮ್ಮ ಊರಿನ ಪ್ರತಿ ಕಾಲೇಜು ಸಮಾರಂಭದಲ್ಲೂ ಕೇಳಿಸುತ್ತದೆ. ಕೇಳಿಸಲಿ, ಆ ಹಣ ಕೊಟ್ಟ ಸುಧಾ ಮೂರ್ತಿಯವರು ನಮ್ಮ ಬಿವಿಬಿ ಕಾಲೇಜಿನಲ್ಲಿ ಓದಿದವರು. ಆದರೆ 1981ರಲ್ಲಿ ಆರಂಭವಾದ ಆ ಕಂಪನಿ ಸಾರ್ವಜನಿಕರಿಗೆ ಷೇರು ಕೊಟ್ಟದ್ದು 1993ರಲ್ಲಿ, ₹95ರಂತೆ. ಆಗಲೂ ಪೂರ್ತಿ ಬಿಕರಿಯಾಗದೆ ಮಾರ್ಗನ್ ಸ್ಟಾನ್ಲಿ ಶೇ 13ರಷ್ಟು ಪಾಲು ಕೊಂಡಿತು ಎಂಬ ಭಾಗವನ್ನು ಯಾವ ಭಾಷಣಕಾರರೂ ಹೇಳುವುದಿಲ್ಲ. ಕಾಮತ್ ಸಹೋದರರು 2010ರಲ್ಲಿ ಕಟ್ಟಿದ ಷೇರು ವಹಿವಾಟಿನ ಕಂಪನಿ ಝೆರೋಧಾ ಹೊರಗಿನ ಹೂಡಿಕೆಯನ್ನೇ ಪಡೆಯದೆ ಬೆಳೆಯಿತು. ಇನ್ನೊಂದು ತುದಿಯಲ್ಲಿ ಆನ್‌ಲೈನ್ ಪಾಠದ ಬೈಜೂಸ್. 2022ರಲ್ಲಿ 2,200 ಕೋಟಿ ಡಾಲರ್ ಬೆಲೆಯ ಕಂಪನಿ ಎಂದು ನೀವೆಲ್ಲ ಬರೆದಿರಿ. 2024ರ ಜುಲೈನಲ್ಲಿ ಬಿಸಿಸಿಐನ ಸುಮಾರು ₹158 ಕೋಟಿ ಬಾಕಿಗಾಗಿ ಅದು ದಿವಾಳಿ ಪ್ರಕ್ರಿಯೆಗೆ ಹೋಯಿತು. ವ್ಯಾಲ್ಯುಯೇಷನ್ ಎಂಬುದು ಕೊನೆಯ ಹೂಡಿಕೆದಾರ ಒಪ್ಪಿದ ದರ. ಗಲ್ಲಾಪೆಟ್ಟಿಗೆಯಲ್ಲಿರುವ ಹಣಕ್ಕೂ ಅದಕ್ಕೂ ಸಂಬಂಧ ಕಡಿಮೆ.

ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿದೆ. 2012ರಲ್ಲಿ ತಂದಿದ್ದ ಏಂಜೆಲ್ ತೆರಿಗೆಯನ್ನು 2024ರ ಜುಲೈ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ತೆಗೆದುಹಾಕಿದರು. ಷೇರಿಗೆ ಪಡೆದ ಹೆಚ್ಚಿನ ಬೆಲೆಯನ್ನೇ ಆದಾಯ ಎಂದು ಹಿಡಿದು ನೋಟಿಸ್ ಕಳಿಸುವ ಪೀಡೆ ತಪ್ಪಿತು. ಉಳಿದ ಒಂದು ಕೆಲಸ ರಾಜ್ಯದ್ದು. ಹೂಡಿಕೆದಾರರ ಮುಂದೆ ಪಿಚ್ ಮಾಡುವುದು ಹೇಗೆ, ಹತ್ತು ಸ್ಲೈಡಿನಲ್ಲಿ ಕಥೆ ಹೇಳುವುದು ಹೇಗೆ ಎಂದು ಕಲಿಸುವ ಶಿಬಿರಗಳಿಗೆ ಬರವಿಲ್ಲ. ಬಂದ ಕಾಗದ ಓದುವುದನ್ನು ಕಲಿಸುವವರಿಲ್ಲ. ಪ್ರತಿ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಇಬ್ಬರು ವಕೀಲರು, ಇಬ್ಬರು ಆಡಿಟರುಗಳ ಒಂದು ಪಟ್ಟಿ ಇರಲಿ. ಟರ್ಮ್ ಶೀಟ್ ಹಿಡಿದು ಬಂದವರಿಗೆ ಸಹಿಗೆ ಮೊದಲು ಎರಡು ಗಂಟೆ ಕೂತು ಕನ್ನಡದಲ್ಲಿ ಬಿಡಿಸಿ ಹೇಳಲಿ, ಫೀಸನ್ನು ಸರ್ಕಾರ ಕೊಡಲಿ. ಅನುದಾನಕ್ಕೆ ಹೋಲಿಸಿದರೆ ಇದು ಚಿಲ್ಲರೆ ಖರ್ಚು. (ನನ್ನ ಹೆಸರನ್ನು ಆ ಪಟ್ಟಿಗೆ ಹಾಕುವುದು ಬೇಡ, ನನಗೆ ಇರುವ ಕೆಲಸವೇ ಸಾಕಾಗಿದೆ.)

ನಿಮ್ಮಿಂದ ಕೇಳುವುದು ಇಷ್ಟೇ. ಮುಂದಿನ ಸಲ ಇಂಥ ಸುದ್ದಿ ಬಂದಾಗ ಎಷ್ಟು ಪಾಲು ಕೊಟ್ಟರು, ಯಾವ ಬಗೆಯ ಷೇರು, ನಿರ್ದೇಶಕ ಮಂಡಳಿಯಲ್ಲಿ ಯಾರು ಕೂತರು ಎಂದು ವರದಿಗಾರರು ಕೇಳಲಿ. ಎಲ್ಲರೂ ಹೇಳಲಾರರು, ಗೋಪ್ಯತೆಯ ಷರತ್ತು ಇರುತ್ತದೆ. ಆದರೆ ಷೇರು ಹಂಚಿಕೆಯ ವರದಿ ಕಂಪನಿ ರಿಜಿಸ್ಟ್ರಾರರ ಕಡತದಲ್ಲಿರುತ್ತದೆ, ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಅಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ನಿಮ್ಮ ವಾಣಿಜ್ಯ ಪುಟದವರಿಗೆ ಹುಡುಕುವುದು ತೊಡಕಾದರೆ ನಮ್ಮ ಕಚೇರಿಯ ಹುಡುಗನನ್ನು ಒಂದು ಮಧ್ಯಾಹ್ನ ಕಳಿಸಿಕೊಡುತ್ತೇನೆ.

ಇಂತಿ ನಿಮ್ಮ ಓದುಗ,
ಕೊಪ್ಪಿಕರ ರಸ್ತೆಯ ಒಬ್ಬ ಆಡಿಟರ್
ಹುಬ್ಬಳ್ಳಿ