ಗಡಿಯಾರ ನೋಡಿ ಮಾತ್ರೆ ಕೊಟ್ಟವರಿಗೆ

ಕೊನೆಗಾಲದ ರೋಗಿಗಳನ್ನು ಮನೆಯಲ್ಲೇ ನೋಡಿಕೊಳ್ಳುವ ನಮ್ಮ ತಂಡಕ್ಕೆ ಒಂದು ವರ್ಷ ತುಂಬಿತು. ಹಾರ-ತುರಾಯಿಯ ಸಭೆ ಬೇಡವೆನಿಸಿತು. ಸಲ್ಲಬೇಕಾದವರಿಗೆ ಇಲ್ಲೇ ಕೈ ಮುಗಿಯುತ್ತೇವೆ.

ಮೊದಲ ನಮಸ್ಕಾರ ನೋವು ತಲೆ ಎತ್ತುವ ಮುಂಚೆಯೇ ಮಾತ್ರೆ ಕೊಟ್ಟ ಮನೆಯವರಿಗೆ. ಮಾರ್ಫಿನ್ ಎಂದರೆ ತೀವ್ರ ನೋವಿಗೆ ಕೊಡುವ, ಅಫೀಮಿನಿಂದ ಬರುವ ಔಷಧಿ. ಅದರ ಸಾದಾ ಮಾತ್ರೆ ಕೆಲಸ ಮಾಡುವುದು ಸುಮಾರು ನಾಲ್ಕು ಗಂಟೆ. ಆದ್ದರಿಂದ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಮಲಗುವ ಹೊತ್ತಿನದನ್ನು ವೈದ್ಯರು ಸಾಮಾನ್ಯವಾಗಿ ಎರಡರಷ್ಟು ಬರೆಯುತ್ತಾರೆ, ನಡುರಾತ್ರಿ ಎಬ್ಬಿಸುವುದು ತಪ್ಪಲಿ ಎಂದು. ‘ತಡೆಯಲಾಗದಿದ್ದರೆ ಕೊಡೋಣ’ ಎಂದು ಕಾದರೆ ಏರಿದ ನೋವನ್ನು ಇಳಿಸಲು ಹೆಚ್ಚು ಔಷಧಿ ಬೇಕಾಗುತ್ತದೆ, ಮಂಪರೂ ಹೆಚ್ಚುತ್ತದೆ. ನಡುವೆ ನೋವು ಬಂದರೆ ದಿನದ ಒಟ್ಟು ಪ್ರಮಾಣದ ಸುಮಾರು ಆರನೇ ಒಂದು ಪಾಲು ಹೆಚ್ಚುವರಿ, ಅದೂ ವೈದ್ಯರು ಬರೆದಿದ್ದರೆ ಮಾತ್ರ. ಅದನ್ನು ಗಂಟೆ ಸಮೇತ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದವರಿಗೆ ವಿಶೇಷ ವಂದನೆ. ಮುಂದಿನ ಪ್ರಮಾಣ ನಿಗದಿಯಾಗುವುದು ಆ ಗೀಟುಗಳಿಂದಲೇ.

ಮಲಬದ್ಧತೆಯ ಮಾತ್ರೆಯನ್ನು ಮೊದಲ ದಿನದಿಂದಲೇ ಬಿಡದೆ ಕೊಟ್ಟವರಿಗೂ. ಮಾರ್ಫಿನ್ ತರುವ ಓಕರಿಕೆ, ತೂಕಡಿಕೆ ಕೆಲವು ದಿನಗಳಲ್ಲಿ ತಗ್ಗುತ್ತವೆ, ಮಲಬದ್ಧತೆ ತಗ್ಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಮಾರ್ಫಿನ್ ನಿಂತುಹೋಗುವುದು ಹೊಟ್ಟೆ ಕಟ್ಟಿದ್ದಕ್ಕೆ.

ಈ ಗಡಿಯಾರದ ಶಿಸ್ತು ಲಂಡನ್ನಿನ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯಲ್ಲಿ ಹಿಂದಿನಿಂದಲೂ ಇತ್ತು. ಅಲ್ಲಿ ಸ್ವಯಂಸೇವೆಗೆ ಹೋದ ಸಿಸಿಲಿ ಸಾಂಡರ್ಸ್ ಅದನ್ನು ಕಣ್ಣಾರೆ ಕಂಡರು. ನರ್ಸ್ ಆಗಿದ್ದವರು, ಬಳಿಕ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ 1957ರಲ್ಲಿ ವೈದ್ಯೆ. ಮರುವರ್ಷ ಸೇಂಟ್ ಜೋಸೆಫ್ಸ್ ಆರೈಕೆ ಕೇಂದ್ರದಲ್ಲಿ ಅದನ್ನೇ ದಾಖಲೆಯಿಟ್ಟು ನಡೆಸಿ, 1967ರಲ್ಲಿ ಕೊನೆಗಾಲದ ರೋಗಿಗಳಿಗೆಂದೇ ಸೇಂಟ್ ಕ್ರಿಸ್ಟೋಫರ್ಸ್ ತೆರೆದರು. ಮೈನೋವಿನ ಜೊತೆ ಮನಸ್ಸಿನದು, ಸಂಸಾರದ್ದು, ನಂಬಿಕೆಯದು ಎಲ್ಲವನ್ನೂ ಒಂದೇ ನೋವಾಗಿ ನೋಡಬೇಕೆಂದವರೂ ಅವರೇ. ಎರಡೇ ವರ್ಷದಲ್ಲಿ ಅಲ್ಲಿನ ತಂಡ ಮನೆಗಳಿಗೂ ಹೋಗತೊಡಗಿತು. ನಮ್ಮ ಕೆಲಸದ ಮೂಲ ಅದು.

ಇಲ್ಲಿ 1985ರ ಮಾದಕವಸ್ತು ಕಾಯ್ದೆಯ ನಂತರ ಒಂದು ಮಾರ್ಫಿನ್ ಸ್ಟ್ರಿಪ್ಪಿಗೆ ಹಲವು ಪರವಾನಗಿ ಬೇಕಾಗಿ, ಒಂದು ಕೈಗೆ ಸಿಗುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. 2014ರ ತಿದ್ದುಪಡಿ ಅದನ್ನು ಸರಳಗೊಳಿಸಿತು. ಅದಕ್ಕಾಗಿ ವರ್ಷಗಟ್ಟಲೆ ಕಚೇರಿ ಅಲೆದ ವೈದ್ಯರಿಗೆ, 1993ರಲ್ಲಿ ಕೆಲಸ ಶುರುಮಾಡಿ ಮುಂದೆ ನೆರೆಯವರನ್ನೇ ಆರೈಕೆಗೆ ಇಳಿಸಿದ ಕಲ್ಲಿಕೋಟೆಯವರಿಗೆ, 1999ರಲ್ಲಿ ಬೆಂಗಳೂರಿನಲ್ಲಿ ಹಣ ಕೇಳದ ಹಾಸಿಗೆಗಳನ್ನು ಹಾಕಿದ ಕರುಣಾಶ್ರಯದವರಿಗೆ ನಾವು ಋಣಿ.

ಇನ್ನು, ಕೊನೆಯ ದಿನಗಳಲ್ಲಿ ಕೈ ಕಟ್ಟಿ ಕೂತವರಿಗೆ. ಇದು ಎಲ್ಲಕ್ಕಿಂತ ಕಷ್ಟದ ಕೆಲಸ. ‘ಒಂದು ಬಾಟಲಿ ಡ್ರಿಪ್ಪಾದರೂ ಹಾಕಿಸಿ’ ಎನ್ನುವ ನೆಂಟರನ್ನು ನೀವು ತಡೆದಿರಿ. ದೇಹ ನೀರನ್ನು ಬಳಸಲಾರದ ಹೊತ್ತಿನಲ್ಲಿ ಅದು ಕಾಲಿಗೆ ಬಾವು, ಎದೆಗೆ ಕಫ ತರುತ್ತದೆ. ಗಂಟಲು ಗೊರಗೊರ ಎಂದಾಗ ಮಗ್ಗುಲಿಗೆ ಹೊರಳಿಸಿದಿರಿ. ನುಂಗಲಾಗದವರ ಬಾಯಿಗೆ ತುಳಸಿ ನೀರನ್ನು ಸುರಿಯದೆ, ಹತ್ತಿಯಲ್ಲಿ ಅದ್ದಿ ತುಟಿಗೆ ಮುಟ್ಟಿಸಿದಿರಿ. ಸುರಿದಿದ್ದರೆ ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಹೀಗೆ ಮುಟ್ಟಿಸಿದ್ದರಿಂದ ಶಾಸ್ತ್ರಕ್ಕೂ ಕೊರತೆಯಾಗಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ, ಹುಣ್ಣಿನ ವಾಸನೆಗೆ ಮೂಗು ಮುಚ್ಚದೆ, ಆ ವಾಸನೆ ತಗ್ಗಿಸುವ ಮೆಟ್ರೊನಿಡಜೋಲ್ ಪುಡಿ ಉದುರಿಸಿದ ಸೊಸೆಯಂದಿರನ್ನು ಯಾವ ಸನ್ಮಾನ ಪತ್ರದಲ್ಲೂ ಯಾರೂ ಹೆಸರಿಸುವುದಿಲ್ಲ.

ದುಃಖದ ನಡುವೆಯೂ ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ ಮರಳಿಸಿದ ಎಲ್ಲರಿಗೂ ಧನ್ಯವಾದ. ನಮ್ಮ ರಿಜಿಸ್ಟರಿನ ಲೆಕ್ಕ ತಾಳೆಯಾದದ್ದು ನಿಮ್ಮಿಂದ. ನಾವು ಕೊಟ್ಟ ಗಾಳಿಹಾಸಿಗೆ ಇನ್ನೂ ನಿಮ್ಮಲ್ಲಿದ್ದರೆ ಫೋನ್ ಮಾಡಿ, ನಾವೇ ಬಂದು ಒಯ್ಯುತ್ತೇವೆ. ಅದಕ್ಕಾಗಿ ಬೇರೆ ಮನೆಯವರು ಕಾಯುತ್ತಿದ್ದಾರೆ.